ಸೆಕೆಂಡ್ ಹ್ಯಾಂಡ್ ಲೇಸರ್ ಹಾಯಿದೋಣಿ: ಕಾರಂಜಾ ಹಿನ್ನೀರಿನಲ್ಲಿ ಆರು ವರ್ಷದ ಬಳಕೆ

ಆರು ವರ್ಷದಲ್ಲಿ ಈ ದೋಣಿ ನೀರಿಗೆ ಇಳಿದದ್ದು ಒಟ್ಟು 110 ದಿನ. ಫೌಜಿನಲ್ಲಿ ಲಾಗ್‌ಬುಕ್ ಬರೆದ ಚಟ, ಹಾಗಾಗಿ ಲೆಕ್ಕ ಪಕ್ಕಾ ಇದೆ. ಉಳಿದ ಎರಡು ಸಾವಿರ ಚಿಲ್ಲರೆ ದಿನ ಅದು ಹೆಚ್ಚಾಗಿ ಒಂದು ಹೊಲದ ಕೊಟ್ಟಿಗೆಯಲ್ಲಿ ಬೋರಲು ಮಲಗಿತ್ತು. ಅದಕ್ಕೇ ಇಲ್ಲಿ ನೀರಿಗಿಂತ ಬಿಸಿಲು, ಇಲಿ, ಎರೆಮಣ್ಣಿನ ಮಾತೇ ಜಾಸ್ತಿ ಬರುತ್ತದೆ.

ನಾನು ಹಾಯಿ ಬಿಡಲು ಕಲಿತದ್ದು ನೌಕರಿಯಲ್ಲಿದ್ದಾಗ, ಸಿಕಂದರಾಬಾದಿನಲ್ಲಿ. ಅಲ್ಲಿಂದ ಹುಸೇನ್ ಸಾಗರ ಹತ್ತಿರ. ನಿವೃತ್ತಿಯಾಗಿ ಬೀದರಿಗೆ ಬಂದಾಗ ಕಾರಂಜಾ ಜಲಾಶಯದ ಅವಸ್ಥೆ ನೋಡಿ ಆ ಆಸೆ ಬಿಟ್ಟಿದ್ದೆ. 2016ರ ಬೇಸಿಗೆ ಅದು, ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬರುತ್ತಿದ್ದ ವರ್ಷ. ಅದೇ ವರ್ಷದ ಹಿಂಗಾರಿಗೆ ಮುಂಚೆ ಮಳೆ ಹೊಡೆದು ಜಲಾಶಯ ತುಂಬಿತು, ನನ್ನ ತಲೆಯೂ ಕೆಟ್ಟಿತು. 2017ರ ನವೆಂಬರ್‌ನಲ್ಲಿ ಹೈದರಾಬಾದಿನ ಒಬ್ಬರಿಂದ ₹90,000ಕ್ಕೆ ಹಳೆಯ ಲೇಸರ್ ಕೊಂಡೆ. ಬೊಲೆರೊ ಪಿಕಪ್‌ನಲ್ಲಿ ಹಿಂದೆ ಚಾಚಿಕೊಂಡ ತುದಿಗೆ ಕೆಂಪು ಬಟ್ಟೆ ಕಟ್ಟಿ ಜಹೀರಾಬಾದ್ ದಾರಿಯಲ್ಲಿ ತಂದದ್ದು. ಚಹಾ ಕುಡಿಯಲು ನಿಂತಲ್ಲಿ ಒಬ್ಬ ಇದನ್ನು ವಿಮಾನದ ರೆಕ್ಕೆ ಅಂದುಕೊಂಡಿದ್ದ. ಬೀದರಿನಲ್ಲಿ ವಾಯುಪಡೆಯ ತಾಣ ಇರುವುದರಿಂದ ಅವನದೇನೂ ತಪ್ಪಿಲ್ಲ.

ಗೊತ್ತಿಲ್ಲದವರಿಗೆ: ಲೇಸರ್ ಅಂದರೆ ಒಬ್ಬರೇ ನಡೆಸುವ, ಒಂದೇ ಹಾಯಿಯ ಫೈಬರ್ ದೋಣಿ. ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ್ದು, 1970ರ ದಶಕದ ಆರಂಭದಿಂದ ಮಾರಾಟದಲ್ಲಿದೆ, 1996ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಈಗ ಅಧಿಕೃತ ಹೆಸರು ಐಎಲ್‌ಸಿಎ, ಆದರೆ ಬಾಯಲ್ಲಿ ಎಲ್ಲರಿಗೂ ಲೇಸರ್ರೇ. ಉದ್ದ ಸುಮಾರು 4.2 ಮೀಟರ್, ಬರೀ ಒಡಲಿನ ತೂಕ 59 ಕೆಜಿ, ಹಾಯಿ 7 ಚದರ ಮೀಟರ್. ಕೂವೆಮರ, ಅಂದರೆ ಹಾಯಿ ನಿಲ್ಲಿಸುವ ಕಂಬ, ಅಲ್ಯೂಮಿನಿಯಂ ಕೊಳವೆ, ಎರಡು ತುಂಡು, ಒಂದರೊಳಗೊಂದು ಸೇರಿಸುವುದು. ಹಾಯಿಗೆ ದಿಂಬಿನ ಗಲೀಫಿನ ಹಾಗೆ ಒಂದು ತೋಳು, ಅದನ್ನು ಕೂವೆಮರಕ್ಕೆ ತೊಡಿಸಿದರೆ ಆಯಿತು. ಇಪ್ಪತ್ತು ನಿಮಿಷದಲ್ಲಿ ದೋಣಿ ಸಿದ್ಧ. ಇದರ ಒಂದು ಕೇಡೆಂದರೆ ನೀರಿನ ಮೇಲಿದ್ದಾಗ ಹಾಯಿ ಇಳಿಸುವಂತಿಲ್ಲ. ಇಳಿಸಬೇಕೆಂದರೆ ಕೂವೆಮರವನ್ನೇ ಕಿತ್ತು ತೆಗೆಯಬೇಕು. ಏಪ್ರಿಲ್ ಸಂಜೆ ಬೀಸುವ ಬಿರುಗಾಳಿ ಕಂಡವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ನಾನಂತೂ ಯುಗಾದಿ ಆದಮೇಲೆ ಮಧ್ಯಾಹ್ನ ಮೂರರ ನಂತರ ನೀರಲ್ಲಿ ಇರುತ್ತಿರಲಿಲ್ಲ.

ಕೊಳ್ಳುವಾಗ ನಾನು ಮಾಡಿದ ತಪ್ಪು ತೂಗದೆ ಕೊಂಡದ್ದು. ಫೈಬರ್ ಒಡಲು ಒಳಗೆ ಟೊಳ್ಳು, ಎಲ್ಲೋ ಕೂದಲೆಳೆ ಬಿರುಕಿದ್ದರೆ ನೀರು ಕುಡಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಊರಿಗೆ ತಂದು ಪರಿಚಯದ ಅಡತಿ ಅಂಗಡಿಯ ಕಾಟಾ ಮೇಲೆ, ತೊಗರಿ ಚೀಲಗಳ ಪಕ್ಕದಲ್ಲಿ ಇಟ್ಟು ನೋಡಿದರೆ 66 ಕೆಜಿ! ಮಾರಿದವರಿಗೆ ಫೋನ್ ಮಾಡಿದೆ. "ಅಷ್ಟು ಇದ್ದೇ ಇರುತ್ತದೆ" ಅಂದರು, ಆಮೇಲೆ ಫೋನ್ ಎತ್ತಲಿಲ್ಲ.

ಸೋರಿಕೆ ಹುಡುಕುವುದು ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕಿದ ಹಾಗೆಯೇ. ಹಿಂಬದಿಯ ಡ್ರೈನ್ ತೂತಿನಿಂದ ಗಾಳಿ ತುಂಬಿ, ಜೋಡಣೆಗಳ ಮೇಲೆಲ್ಲ ಸಾಬೂನು ನೀರು ಸವರಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡುವುದು. ಪಂಕ್ಚರ್ ಅಂಗಡಿಯ ಹುಡುಗನನ್ನೇ ಕರೆದಿದ್ದೆ. ಅವನು ಉತ್ಸಾಹದಲ್ಲಿ ಕಂಪ್ರೆಸರ್ ಪೈಪ್ ಇಟ್ಟೇಬಿಡುತ್ತಿದ್ದ, ಕೈ ಹಿಡಿದು ನಿಲ್ಲಿಸಿದೆ. ಅಷ್ಟು ಒತ್ತಡಕ್ಕೆ ಜೋಡಣೆ ಬಾಯಿ ಬಿಡುತ್ತದೆ. ಬಾಯಿಂದ ಊದಿದರೆ ಸಾಕು. ಗುಳ್ಳೆ ಎದ್ದದ್ದು ಕೂವೆಮರ ಕೂರುವ ಗುಂಡಿಯ ಅಂಚಿನಲ್ಲಿ. ಲೇಸರ್‌ನ ಹಳೆಯ ರೋಗವೇ ಅದು. ಕೂವೆಮರ ಗುಂಡಿಯಲ್ಲಿ ತಿರುಗುತ್ತಲೇ ಇರುತ್ತದೆ, ಬುಡಕ್ಕೆ ಮಣ್ಣು ಮರಳು ಅಂಟಿದ್ದರೆ ಗುಂಡಿಯ ತಳವನ್ನು ಉಪ್ಪುಕಾಗದದ ಹಾಗೆ ತಿಕ್ಕಿ ತೆಳ್ಳಗೆ ಮಾಡುತ್ತದೆ. ಎಪಾಕ್ಸಿ ಮತ್ತು ಗ್ಲಾಸ್ ಬಟ್ಟೆ ಹಚ್ಚಿ ನಾನೇ ಸರಿಮಾಡಿದೆ. ಒಂದು ಬೇಸಿಗೆ ಡ್ರೈನ್ ತೆರೆದಿಟ್ಟು ಒಣಗಿಸಿದ ಮೇಲೆ ತೂಕ 62ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಎಂದೂ ಬರಲಿಲ್ಲ.

ತೆರೆದ ಡ್ರೈನ್ ತೂತಿಗೆ ಕಣಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಸೊಳ್ಳೆಪರದೆಯ ತುಂಡು ಕಟ್ಟಿ. ಇಲಿಗೆ ಹಾಯಿ ಬೇಡ, ರಬ್ಬರ್ ಹಗ್ಗ ಅಂದರೆ ಪ್ರಾಣ.

ಡ್ರೈನ್‌ನ ಬಿರಡೆಯ ವಿಷಯ ಬೇರೆ. ಮೊದಲ ತಿಂಗಳಲ್ಲೇ ಅದನ್ನು ಹಾಕದೆ ನೀರಿಗೆ ಇಳಿದೆ. ಅರ್ಧ ಗಂಟೆಗೆ ದೋಣಿ ಎಮ್ಮೆಯ ಹಾಗೆ ಹಿಂದೆ ಕುಳಿತಿತು, ತಿರುಗಿಸಿದರೆ ತಿರುಗದು. ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಿರುವುದರಿಂದ ಪೂರ್ತಿ ಮುಳುಗುವುದಿಲ್ಲ, ಮರ್ಯಾದೆ ಮಾತ್ರ ಮುಳುಗಿತು. ಥರ್ಮಾಕೋಲ್ ತೆಪ್ಪದಲ್ಲಿ ಬಲೆ ಹಾಕುತ್ತಿದ್ದ ಇಬ್ಬರು ಎಳೆದು ತಂದರು. ಅಂದಿನಿಂದ ಬಿರಡೆಯನ್ನು ಸ್ಕೂಟರ್ ಕೀಲಿಯ ಗೊಂಚಲಿಗೇ ಕಟ್ಟಿದೆ. ಕೀಲಿ ಇಲ್ಲದೆ ಹಿನ್ನೀರಿಗೆ ಹೋಗಲಾಗದು ತಾನೆ.

ದೋಣಿ ಇಟ್ಟಿದ್ದು ಹಿನ್ನೀರಿನ ದಂಡೆಯ ಒಬ್ಬ ರೈತರ ಕೊಟ್ಟಿಗೆಯಲ್ಲಿ. ಎಪ್ಪತ್ತು ದಾಟಿದವರು, ಕಾಕಾ ಅನ್ನುತ್ತಿದ್ದೆ. ಬಾಡಿಗೆ ಮುಟ್ಟಲಿಲ್ಲ, ಬದಲಿಗೆ ಅವರ ಪಂಪ್‌ಸೆಟ್ ಕೆಟ್ಟಾಗಲೆಲ್ಲ ನಾನೇ ಮೆಕ್ಯಾನಿಕ್. ನನ್ನ ಎರಡನೇ ಬೇಸಿಗೆಯಲ್ಲಿ ನೀರು ಬಹಳ ಹಿಂದೆ ಸರಿದಿತ್ತು. ಒಂದು ಬೆಳಿಗ್ಗೆ ಚೆನ್ನಾಗಿ ಓಡುತ್ತಿದ್ದ ದೋಣಿ ಧಡ್ ಎಂದು ನಿಂತು ನಾನು ಮುಂದೆ ಮುಗ್ಗರಿಸಿದೆ. ದೋಣಿಯ ನಡುವಿನಿಂದ ನೀರಿನೊಳಗೆ ಇಳಿಬಿಟ್ಟ ನಡುಹಲಗೆಯ ಮೂಲೆ ಮುರಿದಿತ್ತು. ದಂಡೆಗೆ ಬಂದು ಕಲ್ಲು ಹೊಡೆಯಿತು ಅಂದೆ. ಕಾಕಾ ಕೈ ಅಡ್ಡ ಹಿಡಿದು ದೂರ ನೋಡಿದರು.

"ಆ ಬೇವಿನ ಗಿಡಾ ಮತ್ತ ಗುಡಿ ಶಿಖರಾ ಒಂದೇ ಸಾಲಿಗಿ ಬಂದಾವೇನ್ ಅಲ್ಲಿ?"

"ಬಂದಿದ್ದವು ಕಾಕಾ."

"ಕಲ್ಲಲ್ಲ ಅದು ಫೌಜಿ. ನಮ್ಮಪ್ಪ ಕಟ್ಟಿಸಿದ ಬಾವಿ ಕಟ್ಟಿ ಅದ."

ಆಮೇಲೆ ಅವರೇ ಕಡ್ಡಿ ತೊಗೊಂಡು ನೆಲದ ಮೇಲೆ ಗೀಚಿ ತೋರಿಸಿದರು: ಇಲ್ಲಿ ಬಾವಿ, ಇಲ್ಲಿ ಮಾವಿನ ಗಿಡದ ಬೊಡ್ಡೆ, ಇಲ್ಲಿ ಬದುವಿನ ಜಾಲಿ. ನಾನು ಲಾಗ್‌ಬುಕ್‌ನಲ್ಲಿ ಆ ನಕ್ಷೆ ಇಳಿಸಿಕೊಂಡೆ. ಬೇರೆ ಯಾವ ನಕ್ಷೆಯೂ ನನಗೆ ಅಷ್ಟು ಉಪಯೋಗಕ್ಕೆ ಬರಲಿಲ್ಲ. ಕಾಕಾ ಮಾತ್ರ ಆರು ವರ್ಷದಲ್ಲಿ ಒಂದು ಸಲವೂ ದೋಣಿ ಹತ್ತಲಿಲ್ಲ.

ಗಾಳಿ ನೀರಿನ ಲೆಕ್ಕ ನಮ್ಮ ಕಡೆ ತಿರುಗಾಮುರುಗಾ. ಆಷಾಢದಲ್ಲಿ ಪಡುವಣ ಗಾಳಿ ದಿನವಿಡೀ ಒಂದೇ ಸಮ ಬೀಸುತ್ತದೆ, ಲೇಸರ್‌ಗೆ ಹೇಳಿ ಮಾಡಿಸಿದ ಗಾಳಿ. ಆದರೆ ಆಗ ಜಲಾಶಯ ಇನ್ನೂ ತುಂಬಿರುವುದಿಲ್ಲ, ಕೊಟ್ಟಿಗೆಯಿಂದ ನೀರಿನ ತನಕ ಎರೆಮಣ್ಣಿನ ಕೆಸರು. ಟ್ರಾಲಿಯ ಗಾಲಿಗೆ ಮಣ್ಣು ಸುತ್ತಿ ಸುತ್ತಿ ಹತ್ತು ಹೆಜ್ಜೆಗೆ ಗಾಲಿಯೇ ಕಾಣದಂತಾಗುತ್ತದೆ. ನೀರು ತುಂಬಿ ದಂಡೆ ಕೊಟ್ಟಿಗೆಯ ಹತ್ತಿರ ಬರುವ ದಸರಾ ದೀಪಾವಳಿಗೆ ಗಾಳಿ ಸತ್ತಿರುತ್ತದೆ. ಗಣೇಶನ ಹಬ್ಬದ ಆಸುಪಾಸಿನ ಮೂರು ನಾಲ್ಕು ವಾರ ಎರಡೂ ಕೂಡಿ ಬರುತ್ತವೆ. ನನ್ನ 110 ದಿನಗಳಲ್ಲಿ ಅರ್ಧದಷ್ಟು ಆ ವಾರಗಳವೇ. ಅಂಥ ದಿನ ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಮೈಯನ್ನು ದೋಣಿಯ ಹೊರಗೆ ಚಾಚಿ ಕೂತಾಗ ನೀರು ಬೆನ್ನ ಕೆಳಗೆ ಸುಯ್ ಅಂತ ಹರಿಯುತ್ತದೆ. ಬೀದರಿನಲ್ಲಿ ಇಂಥದ್ದೊಂದು ಇದೆ ಎಂದರೆ ಮನೆಯವರೇ ನಂಬಿರಲಿಲ್ಲ.

ಮಗುಚುವುದು ಮಾಮೂಲು. ನಡುಹಲಗೆಯ ಮೇಲೆ ನಿಂತು ಜಗ್ಗಿದರೆ ಎದ್ದು ಬರುತ್ತದೆ. ಆದರೆ ನಮ್ಮ ಹಿನ್ನೀರು ಆಳವಿಲ್ಲ. ಒಮ್ಮೆ ಪೂರ್ತಿ ತಲೆಕೆಳಗಾಗಿ ಕೂವೆಮರದ ತುದಿ ತಳದ ಕೆಸರಿನಲ್ಲಿ ನೆಟ್ಟುಕೊಂಡಿತು. ಬಲವಂತವಾಗಿ ಎತ್ತಲು ಹೋಗಿ ಮೇಲಿನ ತುಂಡು ಜೋಡಣೆಯ ಹತ್ತಿರ ಬಾಗಿತು. ಅದು ಸುಲಭವಾಗಿ ಬಾಗುವ ಜಾಗವೇ, ರಿವೆಟ್‌ನ ತೂತು ಅಲ್ಲೇ ಇದೆ. ಗಾಳಿಗೆ ಎದುರಾಗಿ ನಿಧಾನ ಎಳೆಯಬೇಕಿತ್ತು, ತಪ್ಪು ನನ್ನದು. ಹೊಸ ತುಂಡಿಗೆ ₹14,000 ಬಿತ್ತು. ಇಂಥ ಸಾಮಾನು ಬೀದರಿನಲ್ಲಿ ಯಾರೂ ಇಡುವುದಿಲ್ಲ, ತರಿಸಿಕೊಳ್ಳಲು ಎರಡು ತಿಂಗಳು.

ಹಾಯಿಯನ್ನು ತಿಂದದ್ದು ಬಿಸಿಲು. ಬೀದರ ಎತ್ತರದಲ್ಲಿದೆ, ಕಲಬುರಗಿಯಷ್ಟು ಬೆಂಕಿಯಲ್ಲ ಎನ್ನುವುದು ಮನುಷ್ಯರಿಗೆ ಸರಿ. ಡೆಕ್ರಾನ್ ಬಟ್ಟೆಗಿಂತ ಮೊದಲು ಅದರ ಹೊಲಿಗೆಯ ದಾರ ಸಾಯುತ್ತದೆ, ಉಗುರಿನಿಂದ ಕೆದರಿದರೆ ಪುಡಿ ಉದುರುತ್ತದೆ. ಚೌಬಾರಾ ಹತ್ತಿರ ಲಾರಿಯ ತಾಡಪತ್ರಿ ಹೊಲಿಯುವವರಿಗೆ ಕೊಟ್ಟೆ. "ಸಾಹೇಬ್ರ, ಇದು ಕಾಗದಾ ಆದಂಗ ಆಗೇದ" ಅಂದರು. ಮೊದಲ ಸಲ ನೇರ ಹೊಲಿಗೆ ಹಾಕಿದರು, ಎರಡನೇ ಗಾಳಿಗೇ ಬಿಚ್ಚಿತು. ಆಮೇಲೆ ಪಕ್ಕದ ಅಂಗಡಿಯ ಜಿಗ್‌ಜಾಗ್ ಮಿಶನ್ ಮೇಲೆ ಹೊಲಿದುಕೊಟ್ಟರು, ಮೂರು ವರ್ಷ ಬಂತು. ಈಗ ಮತ್ತೆ ಕೊಂಡರೆ ಮೊದಲು ಮಾಡುವ ಕೆಲಸ ಒಳ್ಳೆಯ ನೆರಳು. ನಾನು ಮೊದಲ ವರ್ಷ ಕೊಟ್ಟಿಗೆ ಸಿಗುವ ತನಕ ಬಯಲಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಟ್ಟಿದ್ದೆ. ಒಳಗೆ ಹಬೆ ಹಿಡಿದು, ಮುಂದಿನ ಡೆಕ್ ಒಂದು ಕಡೆ ಮೆತ್ತಗಾಯಿತು. ಬೆರಳಿಟ್ಟು ಒತ್ತಿದರೆ ರೊಟ್ಟಿಯ ಹಾಗೆ ತಗ್ಗುತ್ತಿತ್ತು.

2023ರಲ್ಲಿ ಮೊಣಕಾಲು ನೋವು ಶುರುವಾಯಿತು. ಈ ದೋಣಿ ಮೊಣಕಾಲಿನ ಮೇಲೇ ನಡೆಯುವಂಥದ್ದು, ಮಾರಲು ಹೊರಟೆ. ಬೀದರಿನಲ್ಲಿ ಗಿರಾಕಿ ಎಲ್ಲಿ ಬರಬೇಕು? ಒಬ್ಬರು ಹೋಟೆಲ್ ಮುಂದೆ ಹೂವಿನ ಕುಂಡ ಮಾಡಲು ಕೇಳಿದರು. ಇನ್ನೊಬ್ಬರು ಮೋಟಾರು ಕೂರಿಸಿ ಜನರನ್ನು ಸುತ್ತಾಡಿಸಬಹುದೇ ಅಂದರು. ಇದು ಒಬ್ಬರ ದೋಣಿ, ಆ ಕೆಲಸಕ್ಕೆ ಅಪಾಯ, ಆಗುವುದಿಲ್ಲ ಅಂದೆ. ಐದು ತಿಂಗಳಾದ ಮೇಲೆ ಹೈದರಾಬಾದಿನಿಂದ ಒಬ್ಬರು ಹದಿನೈದರ ಮಗಳನ್ನು ಕರೆದುಕೊಂಡು ಬಂದರು.

ಅಪ್ಪ ನನ್ನ ಜೊತೆ ಮಾತಾಡುತ್ತಿದ್ದರು. ಹುಡುಗಿ ಮಾತಾಡಲಿಲ್ಲ. ಬಾಟಲಿಯ ನೀರನ್ನು ಕೂವೆಮರದ ಗುಂಡಿಗೆ ಸುರಿದು, ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು, ಗಡಿಯಾರ ನೋಡುತ್ತ ಕುಳಿತಳು. ಹತ್ತು ನಿಮಿಷ. ನೀರು ಗೆರೆ ಬಿಟ್ಟು ಇಳಿಯಲಿಲ್ಲ, ನನ್ನ ಎಪಾಕ್ಸಿ ನಿಂತಿತ್ತು. ಆಮೇಲೆ ಡೆಕ್ ಮೇಲೆ ಹೆಬ್ಬೆರಳು ಒತ್ತುತ್ತ ಒತ್ತುತ್ತ ಸರಿಯಾಗಿ ಆ ಮೆತ್ತನೆಯ ಜಾಗಕ್ಕೇ ಬಂದು ನನ್ನ ಮುಖ ನೋಡಿದಳು. ನಾನು ಅದನ್ನು ಹೇಳಿರಲಿಲ್ಲ. ಹೇಳಬೇಕಿತ್ತು. ₹76,000ದ ಮಾತು ₹68,000ಕ್ಕೆ ಮುಗಿಯಿತು. ಅವಳ ತೂಕಕ್ಕೆ ನನ್ನ ಏಳು ಚದರ ಮೀಟರಿನ ಹಾಯಿ ದೊಡ್ಡದು. ಆದರೆ ಲೇಸರ್‌ನಲ್ಲಿ ಕೂವೆಮರದ ಕೆಳಗಿನ ತುಂಡು ಗಿಡ್ಡನೆಯದು ಹಾಕಿ ಸಣ್ಣ ಹಾಯಿ ತೊಡಿಸಿದರೆ ಅದೇ ಒಡಲು ರೇಡಿಯಲ್ ಆಗುತ್ತದೆ. 2008ರಿಂದ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳು ಒಬ್ಬರೇ ನಡೆಸುವ ದೋಣಿ ಅದೇ. ಹಳೆಯ ಲೇಸರ್‌ಗೆ ಒಂದಿಷ್ಟಾದರೂ ಬೆಲೆ ಉಳಿಯುವುದು ಇದರಿಂದಲೇ.

ರಿಪೇರಿ, ಹಗ್ಗ, ಹೊಲಿಗೆ, ಕೂವೆಮರ ಎಲ್ಲ ಸೇರಿ ಆರು ವರ್ಷಕ್ಕೆ ₹52,000. ಕೊಂಡ ಮಾರಿದ ಬೆಲೆಯ ಅಂತರ ₹22,000. ನೀರಿಗಿಳಿದ ಒಂದು ದಿನಕ್ಕೆ ಸುಮಾರು ₹670. ದೋಣಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ನಮ್ಮ ಕಡೆ ಇಟ್ಟುಕೊಂಡು ಬಳಸುವುದಕ್ಕೆ ಎರಡು. ಬರೀ ನೀರಿನ ಮೇಲೆ ಓಡಾಡುವ ಆಸೆ ಇದ್ದರೆ ಕಯಾಕ್ ತೊಗೊಳ್ಳಿ, ಸ್ಕೂಟರ್ ಮೇಲೆ ಮಡಚಿಟ್ಟು ಒಯ್ಯುವಂಥದ್ದು ಸಿಗುತ್ತದೆ.

ದೋಣಿ ಹೋದ ಮೂರನೇ ದಿನ, ಭಾನುವಾರ ಬೆಳಿಗ್ಗೆ, ಆ ಹುಡುಗಿಯ ಫೋನ್. "ಅಂಕಲ್, ಡ್ರೈನ್ ಪ್ಲಗ್ ಎಲ್ಲಿದೆ?" ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದೆ. ಸ್ಕೂಟರಿನಲ್ಲೇ ಜೋತಾಡುತ್ತಿತ್ತು. ಮರುದಿನ ಕೊರಿಯರ್ ಮಾಡಿದೆ, ₹60 ಆಯಿತು.