ಸ್ಕ್ರೀನಲ್ಲಿ 0 ತೋರಿಸಿತು, ನಂಬಿ ಬೋಲ್ಟ್ ಕೂರಿಸಿದೆವು

ಸೈಟಿನಲ್ಲಿ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಇಟ್ಟುಕೊಂಡು ಲೇಔಟ್ ಮಾಡುವವರು, ಅಂದರೆ ಕಾಲಮ್, ಬೋಲ್ಟುಗಳ ಜಾಗ ಗುರುತು ಹಾಕುವವರು, ಅದರಲ್ಲೂ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು, ದಯವಿಟ್ಟು ಇದನ್ನು ಓದಿ. ನನ್ನ ಕೈಯಲ್ಲಿ 48 ಆ್ಯಂಕರ್ ಬೋಲ್ಟ್ (ಕಾಲಮ್ಮನ್ನು ಅಡಿಪಾಯಕ್ಕೆ ಬಿಗಿಯುವ ಬೋಲ್ಟ್) ತಪ್ಪು ಜಾಗಕ್ಕೆ ಬಿದ್ದವು. ಯಂತ್ರ ಕೆಟ್ಟಿರಲಿಲ್ಲ. ಕ್ಯಾಲಿಬ್ರೇಷನ್ ಅವಧಿಯೂ ಮುಗಿದಿರಲಿಲ್ಲ. ತಪ್ಪಿದ್ದು ಸೆಟಪ್, ಅಂದರೆ ಯಂತ್ರಕ್ಕೆ ತಾನಿರುವ ಜಾಗ, ದಿಕ್ಕು ಗೊತ್ತುಮಾಡಿಸುವ ಕೆಲಸ.

ತುಮಕೂರು ರಸ್ತೆ ಕಡೆಯ ಒಂದು ಕಾರ್ಖಾನೆ ಶೆಡ್ ಅದು. 30 ಮೀಟರ್ ಅಗಲ, ಉದ್ದಕ್ಕೆ 7.5 ಮೀಟರಿಗೊಂದರಂತೆ 11 ಗ್ರಿಡ್ (ಕಾಲಮ್ಮುಗಳ ಅಡ್ಡ ಸಾಲು). ಕಂಟ್ರೋಲ್‌ಗೆ (ಅಳತೆಗೆ ಆಧಾರವಾಗುವ, ಜಾಗ ಗೊತ್ತಿರುವ ಗುರುತಿಗೆ) ಮೂರು ಗಿಡ್ಡ ಕಾಂಕ್ರೀಟ್ ಕಂಬ ನೆಟ್ಟಿದ್ದೆವು. ಮೂಲೆಯಿಂದ ಸ್ವಲ್ಪ ಹೊರಗೆ ಪಿ1. ಅಲ್ಲಿಂದ ಶೆಡ್ಡಿನ ಉದ್ದಕ್ಕೆ 40 ಮೀಟರ್ ದೂರದಲ್ಲಿ ಪಿ2, ಅಗಲಕ್ಕೆ 35 ಮೀಟರ್ ದೂರದಲ್ಲಿ ಪಿ3. ಗ್ರಿಡ್ 1ರಿಂದ 5ರವರೆಗೆ ಮೂರೂ ಕಂಬ ನೋಡಿಯೇ ಬೋಲ್ಟ್ ಕೂರಿಸಿದ್ದೆವು. ಆಮೇಲೆ ಮಳೆ ಹಿಡಿಯಿತು. ಎರಡು ವಾರ ಕೆಲಸ ನಿಂತಿತು.

ಮತ್ತೆ ಶುರುವಾದ ದಿನ ಎಂದಿನಂತೆ ರಿಸೆಕ್ಷನ್ ಮಾಡಿದೆ, ಅಂದರೆ ಕಂಬಗಳನ್ನು ನೋಡಿ ಯಂತ್ರ ತಾನಿರುವ ಜಾಗ ಲೆಕ್ಕ ಹಾಕಿಕೊಳ್ಳುವಂತೆ ಮಾಡಿದೆ. ರೆಸಿಡುಯಲ್ (ಒಂದೊಂದು ಕಂಬದಲ್ಲಿ ಲೆಕ್ಕಕ್ಕೂ ಅಳತೆಗೂ ಉಳಿಯುವ ವ್ಯತ್ಯಾಸ) ಬಂದಿದ್ದು ಪಿ1ಕ್ಕೆ 2 ಮಿಮೀ, ಪಿ2ಕ್ಕೆ 4, ಪಿ3ಕ್ಕೆ 4. ಮಳೆಗೆ ಮುಂಚೆ ಒಂದು ದಿನವೂ 1 ದಾಟಿರಲಿಲ್ಲ. ಪಿ3 ಟಿಪ್ಪರ್ ಓಡಾಡುವ ದಾರಿಯ ಪಕ್ಕದಲ್ಲಿತ್ತು. ಅದೇ ಅಲುಗಾಡಿರಬೇಕು ಅಂದುಕೊಂಡು ಲಿಸ್ಟಿನಲ್ಲಿ ಅದರ ಟಿಕ್ ತೆಗೆದೆ. ತಕ್ಷಣ ಉಳಿದೆರಡೂ 0 ಆದವು. ಮಾರನೇ ದಿನಕ್ಕೆ ಕಾಂಕ್ರೀಟ್ ಬುಕ್ ಆಗಿತ್ತು. ಸಂಜೆಯೊಳಗೆ 12 ಕಾಲಮ್ಮಿಗೂ ಗುರುತು ಹಾಕಿ ಮುಗಿಸಿದೆವು.

ನಿಜವಾಗಿ ಕದಲಿದ್ದು ಪಿ2. ಮಳೆ ನೀರು ಹೊರಗೆ ಬಿಡಲು ಕಾಲುವೆ ತೋಡುವಾಗ ಜೆಸಿಬಿ ಬಕೆಟ್ ತಾಗಿತ್ತು. ಬುಡದಲ್ಲಿ ಕೂದಲೆಳೆಯಂಥ ಬಿರುಕು. ಅದರ ಮೇಲೆ ಕೆಸರು ಒಣಗಿ ಕೂತಿತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕಂಬ 11 ಮಿಮೀ ಪಕ್ಕಕ್ಕೆ ಸರಿದಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪಿ2 ಸರಿದಿದ್ದು ಪಿ1–ಪಿ2 ಗೆರೆಗೆ ಅಡ್ಡಲಾಗಿ. 40 ಮೀಟರ್ ದೂರದ ಕಂಬ 11 ಮಿಮೀ ಅಡ್ಡ ಸರಿದರೆ ಅವೆರಡರ ನಡುವಿನ ದೂರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಬದಲಾಗುವುದಿಲ್ಲ. ಎರಡೇ ಪಾಯಿಂಟ್ ಇದ್ದಾಗ ಯಂತ್ರಕ್ಕೆ ತಾಳೆ ನೋಡಲು ಸಿಗುವುದು ಆ ದೂರ ಒಂದೇ. ದೂರ ಸರಿ ಇದೆ, ಅದಕ್ಕೇ 0 ತೋರಿಸಿತು. ಆದರೆ ದಿಕ್ಕು ಸುಮಾರು 57 ಸೆಕೆಂಡ್ (ಕೋನದ ಸೆಕೆಂಡ್, ಒಂದು ಡಿಗ್ರಿಗೆ 3600) ತಿರುಗಿಬಿಟ್ಟಿತ್ತು. ಪಿ1ರಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ಗ್ರಿಡ್ 6ರಲ್ಲಿ 12 ಮಿಮೀ, 80 ಮೀಟರ್ ಆಚೆಯ ಗ್ರಿಡ್ 11ರಲ್ಲಿ 22 ಮಿಮೀ.

ಇನ್ನೊಂದು ಮಾತು. 11 ಮಿಮೀ ತಪ್ಪನ್ನು ಯಂತ್ರ ಮೂರೂ ಕಂಬಕ್ಕೆ ಹಂಚಿ 2, 4, 4 ಅಂತ ತೋರಿಸಿತ್ತು. ನೋಡಿದರೆ ಚಿಕ್ಕ ಅಂಕಿ ಅನ್ನಿಸುತ್ತದೆ, ಅಲ್ವಾ? ತಪ್ಪು ಮಾಡಿದ ಕಂಬಕ್ಕೇ ದೊಡ್ಡ ಅಂಕಿ ಬರಬೇಕು ಅಂತಲೂ ಇಲ್ಲ. ಏನೂ ತಪ್ಪು ಮಾಡದ ಪಿ3ಕ್ಕೂ 4 ಬಂತು, ಅದನ್ನೇ ನಾನು ತೆಗೆದು ಹಾಕಿದೆ. ಮೂರು ಪಾಯಿಂಟ್ ಇದ್ದರೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ. ಯಾವುದು ಕದಲಿದೆ ಅಂತ ಹೇಳಲು ನಾಲ್ಕನೆಯದು ಬೇಕು. ನನಗೆ ಅದೂ ಕಣ್ಣೆದುರೇ ಇತ್ತು. ಗ್ರಿಡ್ 5ರಲ್ಲಿ ಆಗಲೇ ಕೂತಿದ್ದ ಬೋಲ್ಟಿನ ಮೇಲೆ ಒಂದು ಸಲ ಪ್ರಿಸಂ (ಯಂತ್ರದ ಬೆಳಕನ್ನು ವಾಪಸ್ ಕಳಿಸುವ ಗಾಜು) ಇಟ್ಟು ನೋಡಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ.

ಟೇಪ್ ಹಿಡಿದು ನೋಡಲಿಲ್ಲವಾ ಅಂತ ಕೇಳಬಹುದು. ನೋಡಿದೆವು. ಗ್ರಿಡ್ 6ರಿಂದ 11ರವರೆಗೆ ಎಲ್ಲಾ ಅಳತೆ, ಮೂಲೆಯಿಂದ ಮೂಲೆಗೆ ಕರ್ಣ ಕೂಡ ಕರೆಕ್ಟಾಗಿ ಬಂತು. ಇಡೀ ಗುಂಪು ಒಟ್ಟಿಗೇ ತಿರುಗಿದಾಗ ಒಳಗಿನ ಅಳತೆ ಕೆಡುವುದಿಲ್ಲ. 5ಕ್ಕೂ 6ಕ್ಕೂ ನಡುವೆ ನೀರು ತುಂಬಿದ ಗುಂಡಿ ಇತ್ತು, ಅಲ್ಲಿ ಮಾತ್ರ ಟೇಪ್ ಹಿಡಿಯಲಿಲ್ಲ.

ಗೊತ್ತಾಗಿದ್ದು ಕ್ರೇನ್ ಬಂದ ದಿನ. ಕಾಲಮ್ ನಿಲ್ಲಿಸುವ ಎರೆಕ್ಷನ್ ಮೇಸ್ತ್ರಿ ಗ್ರಿಡ್ 1ರಿಂದ 5ರ ನೇರಕ್ಕೇ 11ರವರೆಗೆ ನೂಲು ಕಟ್ಟಿದರು. ಐದನೇ ಕಾಲಮ್ಮಿನವರೆಗೆ ಬೋಲ್ಟುಗಳು ನೂಲಿನ ಕೆಳಗೇ ಇದ್ದವು, ಆಮೇಲೆ ಒಂದೊಂದಾಗಿ ಹೊರಗೆ ಜಾರುತ್ತಾ ಹೋದವು. 24 ಮಿಮೀ ಬೋಲ್ಟಿಗೆ ಬೇಸ್ ಪ್ಲೇಟಿನಲ್ಲಿ 30 ಮಿಮೀ ತೂತು, ಅಂದರೆ ಸುತ್ತ 3 ಮಿಮೀ ಮಾತ್ರ ಆಟ. ಕ್ರೇನ್ ವಾಪಸ್ ಹೋಯಿತು. ಬೋಲ್ಟ್ ಬಗ್ಗಿಸಿ ಕೂರಿಸೋಣ ಅಂತ ಒಬ್ಬರು ಅಂದರು, ಡಿಸೈನ್ ಎಂಜಿನಿಯರ್ ಬೇಡವೇ ಬೇಡ ಅಂದರು. ಅದು ಸರಿಯಾದ ಮಾತು. ಕಡೆಗೆ 48 ಬೋಲ್ಟನ್ನೂ ಕತ್ತರಿಸಿ, ಹೊಸದಾಗಿ ಕೊರೆದು ಕೆಮಿಕಲ್ ಆ್ಯಂಕರ್ (ತೂತಿನಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿದೆವು. ಆ ಕೊರೆಯುವ ಸದ್ದು ಕೇಳುತ್ತಾ ನಿಂತಿದ್ದ ದಿನಗಳನ್ನು ನಾನು ಮರೆಯುವುದಿಲ್ಲ.

ಆಮೇಲೆ ಯಂತ್ರದ ಹಳೇ ಜಾಬ್ ಫೈಲ್ ತೆಗೆದು ಸೆಟಪ್‌ಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದೆ. 1, 1, 0, 1, 1, ಆಮೇಲೆ ದಿಢೀರ್ ಅಂತ 4. ಸಾಲಾಗಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವತ್ತಿನಿಂದ ಟ್ರೈಪಾಡ್ ಜೊತೆ ಒಂದು ಪುಸ್ತಕ ಇರುತ್ತದೆ. ಯಾವ ಪಾಯಿಂಟ್ ಬಳಸಿದೆವು, ಪ್ರತಿಯೊಂದರ ರೆಸಿಡುಯಲ್, ಬಿಟ್ಟ ಪಾಯಿಂಟ್ ಯಾವುದು, ಯಾಕೆ ಬಿಟ್ಟೆವು, ಲೆಕ್ಕಕ್ಕೆ ಸೇರಿಸದ ಒಂದು ಪಾಯಿಂಟಿನ ಮೇಲೆ ಚೆಕ್ ಎಷ್ಟು ಬಂತು, ಕೆಲಸ ಮುಗಿದ ಮೇಲೆ ಅದೇ ಚೆಕ್ ಮತ್ತೆ ಎಷ್ಟು ಬಂತು. ಎಲ್ಲಾ ಬರೆಯುತ್ತೇವೆ.

ಪ್ರಿಸಂ ಕಾನ್‌ಸ್ಟೆಂಟ್ (ಪ್ರಿಸಂಗೆ ತಕ್ಕಂತೆ ಅಳೆದ ದೂರಕ್ಕೆ ಸೇರಿಸುವ ತಿದ್ದುಪಡಿ, ಮಿಮೀ ಲೆಕ್ಕದಲ್ಲಿ) ಕೂಡ ಬರೆಯಿರಿ. ಲೈಕಾ ಕಂಪನಿಯ ದುಂಡು ಪ್ರಿಸಂನ ನಿಜವಾದ ಕಾನ್‌ಸ್ಟೆಂಟ್ ಮೈನಸ್ 34.4. ಆದರೆ ಲೈಕಾ ಯಂತ್ರದಲ್ಲಿ ಅದನ್ನು 0 ಅಂತ ಹಾಕುತ್ತಾರೆ. ಅದೇ ಯಂತ್ರಕ್ಕೆ ಸಾಮಾನ್ಯ ಮೈನಸ್ 30ರ ಪ್ರಿಸಂ ಬಳಸಿದರೆ ಪ್ಲಸ್ 4.4 ಹಾಕಬೇಕು. ಸುಮ್ನೆ ಮೈನಸ್ 30 ಒತ್ತಿದವರನ್ನು ನೋಡಿದ್ದೇನೆ. ಗಾಳಿಯ ಒತ್ತಡವನ್ನೂ ಬಿಡಬೇಡಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಯಂತ್ರದಲ್ಲಿ ಸಮುದ್ರಮಟ್ಟದ 1013 ಹೆಕ್ಟೋಪ್ಯಾಸ್ಕಲ್ ಹಾಗೇ ಇದ್ದರೆ 100 ಮೀಟರಿಗೆ ಹತ್ತಿರ ಹತ್ತಿರ 3 ಮಿಮೀ ವ್ಯತ್ಯಾಸ ಬರುತ್ತದೆ. ರಿಸೆಕ್ಷನ್‌ನಲ್ಲಿ ಸ್ಕೇಲ್ (ದೂರದ ಅನುಪಾತ) ತಾನೇ ಹೊಂದಿಸಿಕೊಳ್ಳುವ ಆಯ್ಕೆ ಇದ್ದರೆ ಲೇಔಟಿಗೆ ಅದನ್ನು ಆಫ್ ಮಾಡಿಡಿ. ಇಂಥ ತಪ್ಪುಗಳನ್ನು ಅದು ಮುಚ್ಚಿಹಾಕುತ್ತದೆ.

ಹೋದ ತಿಂಗಳು ಇನ್ನೊಂದು ಸೈಟಿನಲ್ಲಿ ಬೆಳಿಗ್ಗೆಯ ಚೆಕ್ 1 ಮಿಮೀ, ಮಧ್ಯಾಹ್ನದ್ದು 5 ಮಿಮೀ ಬಂತು. ಟ್ರೈಪಾಡಿನ ಒಂದು ಕಾಲು ಹೊಸದಾಗಿ ತುಂಬಿದ ಮಣ್ಣಿನ ಮೇಲಿತ್ತು. ಬೆಳಿಗ್ಗೆಯಿಂದ ಹಾಕಿದ್ದ ಒಂಬತ್ತು ಗುರುತನ್ನೂ ಅಳಿಸಿ, ಗಟ್ಟಿ ನೆಲಕ್ಕೆ ಹೋಗಿ ಮತ್ತೆ ಹಾಕಿದೆವು.