ಮಡಿಕೇರಿ ಮಳೆಗೆ ಸೌದೆ ಸ್ಟೋವ್: ಐದಾರು ಮಳೆಗಾಲ ಉರಿಸಿದ ಮೇಲೆ ಬರೀತಿರೋ ವಿಮರ್ಶೆ

ಮನೇಲಿ ಫೈರ್‌ಪ್ಲೇಸ್ ಹಾಕ್ಸೋಣ ಅಂತ ಇರೋರಿಗೆ ಮೊದ್ಲೇ ಹೇಳ್ತೀನಿ, ಕೊಡಗಲ್ಲಿ ಇದು ಡಿಸೆಂಬರ್ ಚಳಿಗಿಂತ ಜಾಸ್ತಿ ಕೆಲ್ಸಕ್ಕೆ ಬರೋದು ಜೂನಿಂದ ಸೆಪ್ಟೆಂಬರ್ ತನಕ. ಚಳಿಗೆ ಎರಡು ಕಂಬಳಿ ಹೊದ್ಕೊಂಡ್ರೆ ಆಯ್ತು. ಆದ್ರೆ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ವಾರಗಟ್ಲೆ ಬಿಸಿಲೇ ಕಾಣದೆ ಗೋಡೆ ಬೆವರಿ, ಬೀರು ಒಳಗಿನ ಬಟ್ಟೆಯೆಲ್ಲ ಮುಗ್ಗಲು ವಾಸ್ನೆ ಹೊಡ್ದು, ಬೆಲ್ಟು ಶೂ ಮೇಲೆಲ್ಲ ಬೂಷ್ಟು ಹತ್ತತ್ತಲ್ಲ, ಅದಕ್ಕೆ ಕಂಬಳಿ ಏನೂ ಮಾಡಲ್ಲ. ಮನೆ ಒಳಗೆ ಒಣ ಶಾಖ ಬೇಕು. ಮನೆ ಬೆಚ್ಚಗಿಡೋ ಈ ಸೌದೆ ಸ್ಟೋವ್, ಅಂದ್ರೆ ಗಾಜಿನ ಬಾಗಿಲಿರೋ ಕಬ್ಬಿಣದ ಒಲೆ, ನಮಗೆ ಅದನ್ನ ಕೊಟ್ಟಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ಮದು ಮಡಿಕೇರಿಯಿಂದ ಸ್ವಲ್ಪ ಹೊರಗೆ ಹಳೇ ಹಂಚಿನ ಮನೆ, ಸಣ್ಣ ತೋಟ ಇದೆ. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡ ಜರಿದು ರಸ್ತೆ ಕರೆಂಟು ಎಲ್ಲ ಹೋಗಿತ್ತಲ್ಲ, ಮನೇಲಿ ವಯಸ್ಸಾದ ಅಮ್ಮನ್ನ ಬೆಚ್ಚಗೆ ಇಡೋಕೂ ದಾರಿ ಇಲ್ಲದೆ ಕೂತಿದ್ವಿ, ಆಗ್ಲೇ ತೀರ್ಮಾನ ಮಾಡಿದ್ದು. ರೂಮ್ ಹೀಟರ್ ಇತ್ತು, 2000 ವಾಟಿಂದು, ಅದು ಗಂಟೆಗೆ 2 ಯೂನಿಟ್ ತಿನ್ನತ್ತೆ ಅನ್ನೋದು ಒಂದು ಕಡೆ, ಯಾವತ್ತು ಬೇಕೋ ಅವತ್ತೇ ಕರೆಂಟ್ ಇರಲ್ಲ ಅನ್ನೋದು ಇನ್ನೊಂದು ಕಡೆ.

ಮೊದ್ಲು ಎಲ್ರೂ ಕೇಳೋದು, ಹಳೇ ಎಸ್ಟೇಟ್ ಬಂಗ್ಲೆಗಳಲ್ಲಿ ಇರೋ ಥರ ಗೋಡೇಲೇ ಇಟ್ಟಿಗೆ ಕಟ್ಟಿ ಓಪನ್ ಆಗಿ ಯಾಕೆ ಮಾಡಿಸ್ಲಿಲ್ಲ, ನೋಡೋಕೆ ಚೆಂದ ಅಲ್ವಾ ಅಂತ. ಚೆಂದ ಹೌದು. ಆದ್ರೆ ಓಪನ್ ಫೈರ್‌ಪ್ಲೇಸಲ್ಲಿ ಹುಟ್ಟೋ ಶಾಖದಲ್ಲಿ ಬಹುಪಾಲು ಚಿಮಣಿ ಮೇಲೆ ಹೋಗ್ಬಿಡತ್ತೆ, ರೂಮಿಗೆ ಸಿಗೋದು ನೂರಕ್ಕೆ ಹತ್ತು ಹದಿನೈದು ಭಾಗ ಅಷ್ಟೆ. ಬೆಂಕಿ ತನಗೆ ಬೇಕಾದ ಗಾಳೀನ ರೂಮಿಂದ ಎಳ್ಕೊಳ್ಳತ್ತೆ, ಅಷ್ಟೇ ಗಾಳಿ ಕಿಟಕಿ ಬಾಗಿಲ ಸಂದೀಲಿ ಹೊರಗಿಂದ ಒಳಗೆ ಬರ್ಬೇಕು, ಮಳೆಗಾಲದಲ್ಲಿ ಆ ಗಾಳಿ ಪೂರ್ತಿ ತೇವ. ಅಂದ್ರೆ ಸೌದೆ ಸುಟ್ಟು ತೇವಾನ ಒಳಗೆ ಕರ್ಕೊಂಡ ಹಾಗೆ ಆಯ್ತು. ಗಾಜಿನ ಬಾಗಿಲಿರೋ ಎರಕದ ಕಬ್ಬಿಣದ ಸ್ಟೋವಲ್ಲಿ ಗಾಳಿ ಎಷ್ಟು ಹೋಗ್ಬೇಕು ಅನ್ನೋದು ನಮ್ಮ ಕೈಲಿರತ್ತೆ, ಒಳ್ಳೇದಾದ್ರೆ 70 ಪರ್ಸೆಂಟ್ ಶಾಖ ಮನೇಲೇ ಉಳಿಯತ್ತೆ. ಸೌದೇನೂ ತುಂಬ ಕಮ್ಮಿ ಸಾಕು.

ಸೈಜ್ ವಿಷ್ಯ ಸ್ವಲ್ಪ ಗಮನ ಕೊಡಿ. ಅಂಗಡಿಯವ್ರು ದೊಡ್ಡದೇ ತಗೊಳ್ಳಿ, 8 ಕಿಲೋವಾಟಿಂದು ಇರ್ಲಿ ಅಂತಾರೆ. ನಮ್ಮ ಹಾಲ್ 16 ಅಡಿ 14 ಅಡಿ, ಅದಕ್ಕೆ 5 ಕಿಲೋವಾಟಿಂದು ಧಾರಾಳ ಸಾಕು, ಬಾಗಿಲು ತೆಗ್ದಿಟ್ರೆ ಪಕ್ಕದ ರೂಮಿಗೂ ಹೋಗತ್ತೆ. ದೊಡ್ಡದು ತಗೊಂಡ್ರೆ ಸೆಕೆ ತಡೆಯಕ್ಕಾಗದೆ ಗಾಳಿ ಕಮ್ಮಿ ಮಾಡಿ ಉಸಿರುಗಟ್ಟಿಸಿ ಉರಿಸ್ತೀವಿ, ಆಗ ಸೌದೆ ಸರಿಯಾಗಿ ಉರೀದೆ ಬರೀ ಹೊಗೆಯಾಡತ್ತೆ, ಗಾಜು ಕಪ್ಪಾಗತ್ತೆ, ಚಿಮಣಿ ಒಳಗೆ ಟಾರು ಕೂರತ್ತೆ. ಸಣ್ಣ ಸ್ಟೋವ್ ಜೋರಾಗಿ ಉರಿಬೇಕು, ಅದೇ ಸರಿ.

ದುಡ್ಡಿನ ಲೆಕ್ಕ ಕೇಳೋರಿಗೆ: ಚಿಮಣಿ, ಕೆಳಗಿನ ಗ್ರಾನೈಟ್ ಚಪ್ಪಡಿ, ಕೂಲಿ ಎಲ್ಲ ಸೇರಿ ನಮಗೆ ಒಂದೂವರೆ ಲಕ್ಷದ ಆಸುಪಾಸು ಬಂತು, ಅದ್ರಲ್ಲಿ ಸ್ಟೋವಿಗಿಂತ ಚಿಮಣಿಗೇ ಜಾಸ್ತಿ. ಚಿಮಣಿಗೆ ಖರ್ಚು ಮಾಡೋಕೆ ಹಿಂದೆಮುಂದೆ ನೋಡ್ಬೇಡಿ. ತಗಡಿನ ಸಿಂಗಲ್ ಪೈಪ್ ನೇರವಾಗಿ ಮೇಲೆ ತಗೊಂಡು ಹೋದ್ರೆ ಹೊಗೆ ದಾರೀಲೇ ತಣ್ಣಗಾಗಿ ಒಳಗೋಡೆಗೆ ಅಂಟತ್ತೆ, ಮಾಡಿನ ಪಕ್ಕಾಸು ರೀಪು ಎಲ್ಲ ಮರದ್ದೇ ಇರೋದ್ರಿಂದ ಬೆಂಕಿ ಭಯನೂ ಇದೆ. ಸ್ಟೋವಿಂದ ಮೇಲೆ ಮುಚ್ಚಿಗೆ ಹತ್ರ ಬರೋಷ್ಟರಲ್ಲಿ ಡಬಲ್ ಪೈಪ್ ಶುರುವಾಗ್ಬೇಕು, ಸ್ಟೇನ್‌ಲೆಸ್ ಸ್ಟೀಲಿಂದು, ಎರಡು ಪೈಪ್ ಮಧ್ಯ ಶಾಖ ತಡೆಯೋ ಉಣ್ಣೆಯಂಥ ನಾರು ತುಂಬಿರತ್ತೆ. ಸಿಂಗಲ್ ಪೈಪ್ ಇರೋ ಕಡೆ ಸುತ್ತ 18 ಇಂಚು ಯಾವ ಮರಾನೂ ಇರಬಾರ್ದು. ಮಾಡಿನಿಂದ ಹೊರಗೆ ಬಂದಮೇಲೆ ಕನಿಷ್ಠ 3 ಅಡಿ ಎತ್ತರ, ಮತ್ತೆ ಸುತ್ತ 10 ಅಡಿ ಒಳಗೆ ಮಾಡಿನ ಯಾವ ಭಾಗ ಇದ್ರೂ ಅದಕ್ಕಿಂತ 2 ಅಡಿ ಮೇಲೆ, ಇದು ಅಮೆರಿಕದಲ್ಲಿ ಪಾಲಿಸೋ ನಿಯಮ. ನಾನು ಅದಕ್ಕಿಂತ್ಲೂ ಒಂದಡಿ ಎತ್ತರ ಹಾಕ್ಸಿದೆ. ಯಾಕಂದ್ರೆ ಈ ಸ್ಟೋವ್‌ಗಳೆಲ್ಲ ಹಿಮ ಬೀಳೋ ದೇಶಕ್ಕೆ ಅಂತ ಮಾಡಿರೋದು, ಅಲ್ಲಿ ಹೊರಗೆ ಕೊರೆಯೋ ಚಳಿ ಇರೋದ್ರಿಂದ ಬಿಸಿ ಹೊಗೆ ತಾನಾಗೇ ಮೇಲೆ ಓಡತ್ತೆ. ನಮ್ಮಲ್ಲಿ ಜುಲೈಲಿ ಹೊರಗೆ 18, 20 ಡಿಗ್ರಿ, ಎಳೆತ ಕಮ್ಮಿ. ಎತ್ತರ ಇದ್ರೆ ಎಳೆತ ಜಾಸ್ತಿ.

ಈಗ ಬೇಜಾರಿನ ವಿಷ್ಯ. ಹಾಕಿಕೊಟ್ಟ ಪಾರ್ಟಿ ಹೊರಗಿನವ್ರು, ಪೈಪ್ ಹಂಚಿನಿಂದ ಹೊರಗೆ ಬರೋ ಜಾಗದಲ್ಲಿ ಸುತ್ತ ಸಿಮೆಂಟ್ ಮೆತ್ತಿ ಹೋದ್ರು. ಮೊದಲ ಮಳೆಗಾಲದಲ್ಲೇ ಸೋರೋಕೆ ಶುರು, ನೀರು ಪೈಪ್ ಗುಂಟ ಇಳಿದು ಸ್ಟೋವ್ ತಲೆ ಮೇಲೆ ಬಿದ್ದು ಚುರ್ ಅಂತ ಆವಿಯಾಗೋದು, ಕಬ್ಬಿಣದ ಮೇಲೆ ತುಕ್ಕಿನ ಗೆರೆ. ಫೋನ್ ಮಾಡಿದ್ರೆ ಮಳೆ ನಿಲ್ಲಲಿ ಸಾರ್ ಬರ್ತೀವಿ ಅಂದ್ರು, ಬರ್ಲೇ ಇಲ್ಲ. ಕೊನೆಗೆ ನಮ್ಮೂರಿನ ಹಂಚಿನ ಮೇಸ್ತ್ರಿ ಮಳೆ ಬಿಟ್ಟ ಒಂದು ಮಧ್ಯಾಹ್ನ ಮೆಣಸು ಕೊಯ್ಯೋ ಏಣಿ ಹಾಕ್ಕೊಂಡು ಹತ್ತಿ ನೋಡಿ ಅಲ್ಲಿಂದ್ಲೇ ಕೂಗಿದ್ರು, "ಅಣ್ಣಾ, ಪೈಪ್ ಕಾದಾಗ ಹಿಗ್ಗತ್ತೆ, ಸಿಮೆಂಟ್ ಹಿಗ್ಗಲ್ಲ, ಸುತ್ತಾ ಬಿರುಕು ಬಿಟ್ಟಿದೆ, ಬೆರಳೇ ಹೋಗತ್ತೆ ನೋಡಿ." "ಹಂಗಾದ್ರೆ ಏನ್ ಮಾಡೋದು ಮೇಸ್ತ್ರಿ?" ಅಂದೆ. ಸಿಮೆಂಟ್ ಪೂರ್ತಿ ಕೆತ್ತಿ ತೆಗ್ದು, ಮೇಲ್ಗಡೆ ಹಂಚಿನ ಸಾಲಿನ ಅಡಿಗೆ ಸೇರೋ ಹಾಗೆ ಒಂದು ಸೀಸದ ಹಾಳೆ ಬಗ್ಗಿಸಿ ಕೂರಿಸಿ, ಪೈಪಿಗೆ ಶಾಖ ತಡೆಯೋ ಸಿಲಿಕೋನ್ ರಬ್ಬರಿನ ಬೂಟ್ (ಪೈಪ್ ಸುತ್ತ ಬಿಗಿಯಾಗಿ ಕೂರೋ ತೋಳು) ತೊಡಿಸಿ, ಅದ್ರ ಮೇಲೆ ಸ್ಟೀಲಿನ ಕಾಲರ್ ಬಿಗಿದ್ರು. ಆಮೇಲೆ ಒಂದು ಹನಿ ಬಿದ್ದಿಲ್ಲ. ಹಾಕಿಸೋ ಮೊದ್ಲೇ ಈ ಜಾಯಿಂಟ್ ಹೇಗೆ ಮಾಡ್ತೀರ ಅಂತ ಬಾಯಿಬಿಟ್ಟು ಕೇಳಿ, ಸಿಮೆಂಟ್ ಅಂದ್ರೆ ಬೇರೆಯವ್ರನ್ನ ನೋಡಿ. ತಲೆ ಮೇಲಿನ ಟೋಪಿನೂ ಸುತ್ತ ಅಂಚು ಇಳಿಬಿಟ್ಟಿರೋದೇ ಬೇಕು, ನಮ್ಮ ಮಳೆ ನೇರವಾಗಿ ಬೀಳಲ್ಲ, ಗಾಳಿ ಜೊತೆ ಅಡ್ಡ ಹೊಡಿಯತ್ತೆ.

ಸೌದೆ. ಇದ್ರ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಸ್ಟೋವ್ ಆರ್ಡರ್ ಮಾಡೋಕೆ ಮುಂಚೆ ಸೌದೆ ಕೊಟ್ಟಿಗೆ ಕಟ್ಟಿಸಿ, ಸೌದೆ ತುಂಬಿಸಿ, ಆಮೇಲೆ ಸ್ಟೋವ್. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರತ್ತೆ, ಅದನ್ನ ಒಲೆಗೆ ಹಾಕಿದ್ರೆ ಬೆಂಕಿ ಮೊದ್ಲು ಆ ನೀರು ಕಾಯಿಸ್ಬೇಕು, ನಿಮಗೆ ಶಾಖ ಎಲ್ಲಿಂದ ಬರತ್ತೆ. 20 ಪರ್ಸೆಂಟ್‌ಗಿಂತ ಕಮ್ಮಿ ತೇವ ಇರ್ಬೇಕು. ಎರಡು ಮುಳ್ಳಿರೋ ಮಾಯಿಶ್ಚರ್ ಮೀಟರ್ ಸಿಗತ್ತೆ, ಒಂದು ತಗೊಳ್ಳಿ, ಹೊರಗಿನ ಮೈಗೆ ಚುಚ್ಚಬೇಡಿ, ಕೊರಡನ್ನ ಆಗ ಸೀಳಿ ಒಳಗಿನ ಮೈಗೆ ಚುಚ್ಚಿ ನೋಡಿ. ನಮ್ಮ ರೊಬಸ್ಟಾ ಕಾಫಿ ಗಿಡದ ಸೌದೆ ಏಪ್ರಿಲ್ಲಲ್ಲಿ 15 ತೋರ್ಸಿದ್ದು ಅದೇ ಕೊಟ್ಟಿಗೇಲಿ ಜುಲೈ ಕೊನೆಗೆ 20 ದಾಟಿರತ್ತೆ. ಮಳೆ ತಾಗಿಲ್ಲ, ಬರೀ ಗಾಳಿ ತೇವಕ್ಕೆ ಅಷ್ಟು ಎಳ್ಕೊಂಡಿದೆ. ಹಾಗಾಗಿ ಹತ್ತು ಹದಿನೈದು ದಿನಕ್ಕೆ ಬೇಕಾಗೋಷ್ಟು ಯಾವಾಗ್ಲೂ ಮನೆ ಒಳಗೆ ಸ್ಟೋವಿಂದ ಮೂರಡಿ ದೂರದಲ್ಲಿ ಜೋಡಿಸಿಡ್ತೀವಿ, ಅದು ಸ್ಟೋವ್ ಶಾಖಕ್ಕೇ ಮತ್ತೆ ಒಣಗತ್ತೆ.

ನನ್ನ ಮಟ್ಟಿಗೆ ಕಾಫಿ ಸೌದೆ ಮೀರಿಸೋದು ಯಾವ್ದೂ ಇಲ್ಲ. ಗಟ್ಟಿ, ನಿಧಾನ ಉರಿಯತ್ತೆ, ಕೆಂಡ ಗಂಟೆಗಟ್ಲೆ ನಿಲ್ಲತ್ತೆ, ಅಂಕುಡೊಂಕು ಇರೋದ್ರಿಂದ ಅಟ್ಟಿ ಹಾಕೋದು ಮಾತ್ರ ಕಷ್ಟ. ಸಿಲ್ವರ್ ಓಕ್ ಹಗುರ, ಬೇಗ ಹತ್ತಿ ಬೇಗ ಮುಗಿಯತ್ತೆ, ಸೀಳಿ ಚಕ್ಕೆ ಮಾಡ್ಕೊಂಡು ಬೆಂಕಿ ಹಚ್ಚೋಕೆ ಇಟ್ಕೊಳ್ಳಿ. ತೋಟದವ್ರಿಗೆ ಇನ್ನೊಂದು ಮಾತು, ಬೋರರ್ (ಕಾಂಡ ಕೊರೆಯೋ ಹುಳ) ಹೊಡ್ದಿರೋ ಅರೇಬಿಕಾ ಕಾಫಿ ಗಿಡ ಕಿತ್ರೆ ಅದನ್ನ ಸೌದೆ ಅಂತ ರಾಶಿ ಹಾಕ್ಬೇಡಿ. ಒಳಗಿರೋ ಹುಳ ದುಂಬಿಯಾಗಿ ಹೊರಗೆ ಬಂದು ಒಳ್ಳೇ ಗಿಡಕ್ಕೆ ಹೋಗತ್ತೆ, ಅದನ್ನ ಕಿತ್ತ ಕೂಡ್ಲೇ ಸುಟ್ಬಿಡಿ. ಪೇಂಟ್ ಹೊಡ್ದ ಹಲಗೆ, ಪ್ಲೈವುಡ್ ತುಂಡು ಒಳಗೆ ಹೋಗ್ಲೇಬಾರ್ದು.

ಹಚ್ಚೋ ರೀತಿ ನಮ್ಮ ಬಚ್ಚಲೊಲೆಗೆ ಉಲ್ಟಾ. ದಪ್ಪ ಸೌದೆ ಕೆಳಗೆ, ಸಣ್ಣದು ಮೇಲೆ, ತುದೀಲಿ ಪುಳ್ಳೆ, ಬೆಂಕಿ ಮೇಲಿಂದ ಇಡ್ಬೇಕು. ಅಮ್ಮನಿಗೆ ಇದು ನಂಬಿಕೆನೇ ಬರ್ಲಿಲ್ಲ, "ಹಿಂಗೆಲ್ಲಾದ್ರೂ ಹತ್ತತ್ತಾ ಮಗಾ" ಅಂತಿದ್ರು, ಈಗ ಅವ್ರೇ ಹಚ್ಚೋದು. ಮೇಲಿಂದ ಇಟ್ರೆ ಪೈಪ್ ಬೇಗ ಬಿಸಿಯಾಗತ್ತೆ, ಕೆಳಗಿನ ಸೌದೆಯಿಂದ ಬರೋ ಹೊಗೆ ಮೇಲಿನ ಉರೀಲೇ ಸುಟ್ಟು ಹೋಗತ್ತೆ. ತುಂಬ ಮಳೆ ಹಿಡ್ದ ದಿನ ಪೈಪ್ ತಣ್ಣಗೆ ಸತ್ತಂಗೆ ಇರತ್ತೆ, ಆಗ ಒಂದು ಪೇಪರ್ ಸುರುಳಿ ಹಚ್ಚಿ ಪೈಪ್ ಬಾಯಿ ಹತ್ರ ಅರ್ಧ ನಿಮಿಷ ಹಿಡಿದು ಆಮೇಲೆ ಹಚ್ಚಿ, ಹೊಗೆ ವಾಪಸ್ ರೂಮಿಗೆ ಬರಲ್ಲ. ಗಾಳಿ ಕಿಂಡಿ ಮೊದಲ ಕಾಲು ಗಂಟೆ ಪೂರ್ತಿ ತೆಗ್ದಿರಿ, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸಿ. ರಾತ್ರಿ ಮಲಗೋವಾಗ ತುಂಬ ಸೌದೆ ತುರುಕಿ ಕಿಂಡಿ ಮುಚ್ಚಿ ಬೆಳಗ್ಗೆ ತನಕ ಬೇಯಿಸೋದು ಮಾತ್ರ ಬೇಡ್ವೇ ಬೇಡ.

ಚಿಮಣಿ ಕ್ಲೀನಿಂಗ್ ವರ್ಷಕ್ಕೆ ಎರಡು ಸಲ, ಮೇ ಕೊನೇಲಿ ಒಂದು, ಸೆಪ್ಟೆಂಬರ್ ಮೊದಲಲ್ಲಿ ಬರೋ ಕೈಲ್‌ಪೋಳ್ದ್ ಹಬ್ಬ ಮುಗಿದ್ಮೇಲೆ ಒಂದು. ಇಲ್ಲಿ ಈ ಕೆಲ್ಸಕ್ಕೆ ಅಂತ ಜನ ಇಲ್ಲ. 6 ಇಂಚಿನ ದುಂಡು ಬ್ರಷ್, ಬಗ್ಗೋ ರಾಡು ತರಿಸ್ಕೊಂಡು ಟೋಪಿ ಬಿಚ್ಚಿ ಮೇಲಿಂದ ಉಜ್ಜೋದು, ಕೆಳಗೆ ಸ್ಟೋವ್ ಬಾಗಿಲು ಬಿಗಿಯಾಗಿ ಮುಚ್ಚಿರ್ಬೇಕು, ಇಲ್ದಿದ್ರೆ ಹಾಲ್ ಪೂರ್ತಿ ಇಲ್ಲಣ. ಬಿದ್ದ ಮಸೀನ ಸುಮ್ನೆ ಎಸೀಬೇಡಿ, ಕೈಲಿ ಮುಟ್ಟಿ ನೋಡಿ. ಒಣ ಪುಡಿ ಆಗಿದ್ರೆ ಸರಿಯಾಗಿ ಉರಿಸ್ತಿದೀರ. ಟಾರಿನ ಥರ ಹೊಳೆಯೋ ಗಟ್ಟಿ ಪದರ ಇದ್ರೆ ಹಸಿ ಸೌದೆ ಹೋಗ್ತಿದೆ ಅಂತ ಅರ್ಥ, ಒಂದಿನ ಅದೇ ಹತ್ಕೊಂಡು ಚಿಮಣಿ ಒಳಗೆ ಬೆಂಕಿ ಏಳತ್ತೆ. ನಮ್ಮದರಲ್ಲಿ ಪ್ರತಿ ಸಲ ಬಕೆಟ್ಟಲ್ಲಿ ಕಾಲು ಭಾಗ ಒಣ ಪುಡಿ ಬರತ್ತೆ, ಅಷ್ಟೆ.

ಗಾಜಿಗೆ ಯಾವ ಲಿಕ್ವಿಡ್ಡೂ ಬೇಡ, ಒದ್ದೆ ಪೇಪರ್ ಉಂಡೇನ ಬೂದೀಲಿ ಅದ್ದಿ ಉಜ್ಜಿದ್ರೆ ಸಾಕು. ಸ್ಟೋವ್ ಬಾಗಿಲಿನ ಸುತ್ತ ಗಾಳಿ ನುಸುಳದ ಹಾಗೆ ಕೂರಿಸಿರೋ ಹಗ್ಗ ಎರಡು ಮೂರು ವರ್ಷಕ್ಕೆ ಚಪ್ಪಟೆಯಾಗತ್ತೆ, ಒಂದು ಚೀಟಿ ಇಟ್ಟು ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂತು ಅಂದ್ರೆ ಹಗ್ಗ ಬದಲಾಯಿಸಿ. ನಾವು ಒಂದ್ಸಲ ಬದಲಾಯಿಸಿದೀವಿ, ಒಳಗಿನ ಇಟ್ಟಿಗೇಲಿ ಒಂದು ಬಿರುಕಿದೆ, ಉದುರೋ ತನಕ ತೊಂದ್ರೆ ಇಲ್ಲ. ವಾರಗಟ್ಲೆ ಉರಿಸದೇ ಇರೋ ಹಾಗಿದ್ರೆ ಬೂದಿ ಪೂರ್ತಿ ತೆಗ್ದುಬಿಡಿ, ತೇವ ಎಳ್ಕೊಂಡು ಕಬ್ಬಿಣ ತಿನ್ನತ್ತೆ. ಬೂದಿನ ಮುಚ್ಚಳ ಇರೋ ತಗಡಿನ ಡಬ್ಬೀಲಿ ಎರಡು ಮೂರು ದಿನ ಹೊರಗಿಡ್ಬೇಕು, ಮೇಲೆ ತಣ್ಣಗಿದ್ರೂ ಒಳಗೆ ಕೆಂಡ ಜೀವ ಹಿಡ್ಕೊಂಡಿರತ್ತೆ. ಆಮೇಲೆ ಕಾಫಿ ಬುಡಕ್ಕೆ ತೆಳ್ಳಗೆ ಹರಡ್ತೀವಿ, ಅದ್ರಲ್ಲಿ ಪೊಟ್ಯಾಷ್ ಇರತ್ತೆ, ಹುಳಿ ಮಣ್ಣಿಗೆ ಸುಣ್ಣದ ಕೆಲ್ಸಾನೂ ಮಾಡತ್ತೆ. ಯೂರಿಯಾ ಜೊತೆ ಮಾತ್ರ ಬೆರೆಸ್ಬೇಡಿ, ಸಾರಜನಕ ಗಾಳಿಗೆ ಹೋಗತ್ತೆ.

ಹೋಮ್‌ಸ್ಟೇ ನಡೆಸೋ ಸ್ನೇಹಿತರು ಬಂದು ನೋಡಿ ಪ್ರತಿ ರೂಮಿಗೂ ಒಂದೊಂದು ಹಾಕ್ಸೋಣ ಅಂತಾರೆ. ನಾನು ಬೇಡ ಅಂತೀನಿ. ಗೆಸ್ಟ್‌ಗಳಿಗೆ ಗಾಳಿ ಕಿಂಡಿ ಗೊತ್ತಿರಲ್ಲ, ಚಳಿ ಅಂತ ಕಿಟಕಿ ಎಲ್ಲ ಮುಚ್ಚಿ ಮಲಗ್ತಾರೆ, ಹೊಗೆ ಜೊತೆ ಬರೋ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣನೂ ಇಲ್ಲ ವಾಸ್ನೆನೂ ಇಲ್ಲ. ಎಲ್ರೂ ಕೂರೋ ಹಾಲಲ್ಲಿ ಒಂದು ಹಾಕಿ, ಹಚ್ಚೋದು ಆರಿಸೋದು ಮನೆಯವ್ರೇ ಮಾಡಿ. ಮಲಗೋ ರೂಮಿಗೆ ಕೆಂಡದ ಅಗ್ಗಿಷ್ಟಿಕೆ ತಗೊಂಡು ಹೋಗೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಅದಕ್ಕೆ ಚಿಮಣಿನೇ ಇಲ್ಲ. ಬ್ಯಾಟರೀಲಿ ನಡೆಯೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗತ್ತೆ, ನಮ್ಮ ಹಾಲಲ್ಲಿ ಒಂದು, ಅಮ್ಮನ ರೂಮಲ್ಲಿ ಒಂದು ಇದೆ, ತಿಂಗಳಿಗೊಮ್ಮೆ ಬಟನ್ ಒತ್ತಿ ಸದ್ದು ಬರತ್ತಾ ನೋಡ್ತೀವಿ. ಸ್ಟೋವ್ ಜೊತೆಗೇ ಅದನ್ನೂ ಆರ್ಡರ್ ಮಾಡಿ.