ಹಿತ್ತಲಿಗೆ ಗಿರಿರಾಜ: ಮೊದಲ ಆರು ವಾರದ ಪಾಡು, ಆಮೇಲಿನ ಸುಖ

ಮನೆಮಂದಿಗಾಗುವಷ್ಟು ಮೊಟ್ಟೆ ಹಿತ್ತಲಲ್ಲೇ ಸಿಗಬೇಕು, ಮುಸುರೆಯ ಅನ್ನ, ಸೊಪ್ಪಿನ ದಂಟು ದಂಡವಾಗಬಾರದು ಅನ್ನುವವರಿಗೆ ಗಿರಿರಾಜ ಕೋಳಿ ಒಳ್ಳೆಯ ಆಯ್ಕೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ ಇದು. ನಾಟಿ ಹ್ಯಾಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ, ಚೆನ್ನಾಗಿ ನೋಡಿಕೊಂಡ ಗಿರಿರಾಜ 130–150 ಇಡುತ್ತದೆ. ಮೊಟ್ಟೆ ಕಂದು ಬಣ್ಣ, 50 ಗ್ರಾಂ ದಾಟುತ್ತದೆ. ಮೊದಲ ಮೊಟ್ಟೆಗೆ ಐದೂವರೆ–ಆರು ತಿಂಗಳು ಕಾಯಬೇಕು.

ಆದರೆ ನಾಟಿಯಂತೆ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ ಅಂದುಕೊಂಡು ತರಬೇಡಿ. ಹ್ಯಾಚರಿಯಿಂದ ತರುವ ಇದರ ಮರಿಗೆ ತಾಯಿ ಇರುವುದಿಲ್ಲ. ಆ ಜಾಗದಲ್ಲಿ ನೀವೇ ನಿಲ್ಲಬೇಕು.

20 ಮರಿಗೆ ಒಂದು ದೊಡ್ಡ ಮಂಕರಿ, ಇಲ್ಲವೇ ರಟ್ಟನ್ನು ದುಂಡಗೆ ಸುತ್ತಿದ ಆವರಣ ಸಾಕು. ಮೂಲೆ ಇರಬಾರದು. ಇದ್ದರೆ ಮರಿಗಳು ಅಲ್ಲೇ ಒತ್ತರಿಸಿ ಒಂದರ ಕೆಳಗೊಂದು ಸಿಕ್ಕಿ ಸಾಯುತ್ತವೆ. ಕೆಳಗೆ ಎರಡು ಇಂಚು ಭತ್ತದ ಹೊಟ್ಟು ಹಾಸಿ, ಮೊದಲ ಮೂರು ದಿನ ಅದರ ಮೇಲೆ ಪೇಪರ್ ಹಾಕಿ. ಹಾಕದಿದ್ದರೆ ಕಾಳೆಂದು ಹೊಟ್ಟನ್ನೇ ತಿನ್ನುತ್ತವೆ. ಕಾವಿಗೆ 60 ವ್ಯಾಟಿನ ಹಳೇ ಕಾಲದ ಬಲ್ಬು ಬೇಕು. ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ; ಹೊಸಬರು ಎಡವುವುದು ಇಲ್ಲೇ. ಮೊದಲ ವಾರ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ ಎರಡು–ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನಡಿ ಮುದ್ದೆಯಾಗಿ ಚಿಂಯ್‌ಗುಟ್ಟುತ್ತಿದ್ದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದಿದ್ದರೆ ಸೆಖೆ. ಎಲ್ಲ ಕಡೆ ಹರಡಿಕೊಂಡು ಮೇಯುತ್ತಿದ್ದರೆ, ನಿದ್ದೆ ಬಂದವು ಕಾಲು ಚಾಚಿ ಮಲಗಿದ್ದರೆ ಹದ ಸರಿಯಾಗಿದೆ. ಹಿಂಭಾಗದಲ್ಲಿ ಹಿಕ್ಕೆ ಅಂಟಿ ಒಣಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೆಲ್ಲಗೆ ಬಿಡಿಸಿ. ಎಳೆದರೆ ಚರ್ಮ ಕಿತ್ತು ಬರುತ್ತದೆ.

ಹಿತ್ತಲ ಕೋಳಿಯನ್ನು ಗುಂಪು ಗುಂಪಾಗಿ ಬಲಿ ತೆಗೆದುಕೊಳ್ಳುವುದು ಕೊಕ್ಕರೆ ರೋಗ (ರಾಣಿಖೇತ್). ಐದರಿಂದ ಏಳನೇ ದಿನದೊಳಗೆ ಅದರ ಲಸೋಟ ಲಸಿಕೆ ಒಂದು ಹನಿ ಕಣ್ಣಿಗೆ, 14ನೇ ದಿನ ಗಂಬೋರ ಅನ್ನುವ ಇನ್ನೊಂದು ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಆರ್‌2ಬಿ ಚುಚ್ಚುಮದ್ದು. ತೊಡಕೆಂದರೆ ಲಸಿಕೆಯ ಸೀಸೆ ನೂರು ಡೋಸಿಗೆ ಕಮ್ಮಿ ಸಿಗುವುದೇ ಕಷ್ಟ. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ನಾಳೆಗೆ ಎತ್ತಿಟ್ಟರೆ ಕೆಲಸಕ್ಕೆ ಬಾರದು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಮರಿ ತಂದರೆ ಈ ಖರ್ಚು ಹಂಚಿಹೋಗುತ್ತದೆ. ತರುವಾಗ ಥರ್ಮಾಸ್‌ನಲ್ಲಿ ಐಸ್ ಇರಲೇಬೇಕು.

ಆರು ವಾರ ದಾಟಿ ರೆಕ್ಕೆಪುಕ್ಕ ತುಂಬಿದ ಮೇಲೆ ಹೊರಗೆ ಬಿಡಬಹುದು. ಗಿರಿರಾಜದ ಮೈ ಭಾರ. ನಾಯಿ ಬಂದರೆ ನಾಟಿ ಕೋಳಿಯಂತೆ ಮರಕ್ಕೆ ಹಾರಲಾರದು. ಇದು ಈ ತಳಿಯ ದೊಡ್ಡ ಕೊರತೆ. ಹಾಗಾಗಿ ರಾತ್ರಿಗೆ ಭದ್ರವಾದ ಗೂಡು ಬೇಕು: ಕೋಳಿಗೆ ಎರಡು ಚದರಡಿ, ಅರ್ಧ ಇಂಚಿನ ವೆಲ್ಡ್ ಜಾಲರಿ. ಕೂರುವ ಅಡ್ಡ ಬೊಂಬು ಒಂದೂವರೆ ಅಡಿಗಿಂತ ಎತ್ತರ ಬೇಡ, ಧುಮುಕಿ ಧುಮುಕಿ ಅಂಗಾಲು ಬಾತು ಕೀವಾಗುತ್ತದೆ.

ಮೇಯಲು ಬಿಟ್ಟರೂ ಸಂಜೆ ತಲೆಗೆ ಒಂದು ಹಿಡಿ, ಅಂದರೆ 50 ಗ್ರಾಂನಷ್ಟು ಜೋಳದ ನುಚ್ಚು, ರಾಗಿ, ತೌಡು ಬೇಕು. ಮೊಟ್ಟೆ ತೊಗಲಿನಂತೆ ಮೆತ್ತಗೆ ಬಂದರೆ ಸುಣ್ಣದಂಶ ಸಾಲದು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಹಾಕಬೇಡಿ. ಅದರ ವಿಷ ಪಿತ್ತಜನಕಾಂಗಕ್ಕೇ ತಗಲುತ್ತದೆ.

ಲಾಭದ ಲೆಕ್ಕ ಹಾಕಿದರೆ ಹತ್ತು ಕೋಳಿಯಿಂದ ಕೈಗೆ ಬರುವ ದುಡ್ಡು ಚಿಲ್ಲರೆ. ಆದರೂ ಈ ಕೋಳಿ ಸಾಕಬೇಕು ಅನ್ನಲು ಕಾರಣವಿದೆ. ಕೈಯಲ್ಲಿ ಕಾವು ಕೊಟ್ಟು ಬೆಳೆಸಿದ ಮರಿ ದನಿ ಗುರುತಿಸುತ್ತದೆ. ಸಂಜೆ ‘ಬ್ಬ ಬ್ಬ ಬ್ಬ’ ಅಂದರೆ ಸಾಕು, ತೋಟದ ಆ ತುದಿಯಿಂದ ಮೈ ಅಲ್ಲಾಡಿಸುತ್ತಾ ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತವೆ. ಮನೆಯ ಮಗುವಿಗೆ ಬುಟ್ಟಿಯ ಹುಲ್ಲಿನೊಳಗೆ ಕೈ ಹಾಕಿ, ಇನ್ನೂ ಬಿಸಿ ಆರದ ಮೊಟ್ಟೆಯನ್ನು ಅಂಗೈಲಿಟ್ಟುಕೊಳ್ಳುವ ಸಂಭ್ರಮ ಸಿಗುತ್ತದೆ. ಅಂಗಡಿಯ ಟ್ರೇನಲ್ಲಿ ಅದು ಸಿಗುವುದಿಲ್ಲ. ಕೆದರಿ ಕೆದರಿ ಬಾಳೆ ಬುಡದ ಹುಳುವನ್ನೂ ಖಾಲಿ ಮಾಡುತ್ತವೆ. ಸೊಪ್ಪಿನ ಮಡಿಗೆ ಮಾತ್ರ ಬೇಲಿ ಹಾಕಿಕೊಳ್ಳಿ.

ಮರಿಯನ್ನು ಕಾಲೇಜಿನಲ್ಲೋ ನಂಬಿಕಸ್ತ ಹ್ಯಾಚರಿಯಲ್ಲೋ ಮೊದಲೇ ಬುಕ್ ಮಾಡಿ ತನ್ನಿ. ಬೈಕಿನ ಮೇಲೆ ಬಣ್ಣ ಬಳಿದು ಮಾರುವ ಮರಿ ಗಿರಿರಾಜವಲ್ಲ. ಹೊಕ್ಕುಳು ಒಣಗಿದೆಯೇ, ಕಣ್ಣು ಚುರುಕಾಗಿದೆಯೇ ನೋಡಿ ಆರಿಸಿಕೊಳ್ಳಿ. ಜೊತೆಗೆ ಒಂದು ನಾಟಿ ಹ್ಯಾಟೆಯೂ ಹಿತ್ತಲಲ್ಲಿರಲಿ. ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ; ಅದರ ಹತ್ತು ಮೊಟ್ಟೆ ನಾಟಿಯ ಹೊಟ್ಟೆಯಡಿ ಇಟ್ಟರೆ 21ನೇ ದಿನ ಮರಿ ಏಳುತ್ತವೆ. ಆ ಮರಿಗಳಿಗೆ ಗಿರಿರಾಜದ ಗುಣ ಅಷ್ಟೂ ಬಾರದಿದ್ದರೂ, ಆ ಸಲ ಬಲ್ಬು ಹಚ್ಚುವ ಕೆಲಸವಂತೂ ತಪ್ಪುತ್ತದೆ.